ಕ್ಯಾನ್ಸರ್ ಸೆಲ್ಲನ್ನು ಕೊಂದದ್ದು ಎನ್‌ಕೆ ಸೆಲ್ಲಿನ ಯಾವ ರಿಸೆಪ್ಟರ್? ಕಂಡುಹಿಡಿಯುವ ಕ್ರಮ

ನಮ್ಮ ಕಾಸರಗೋಡಿನ ಕಡೆ ಕನ್ನಡ ಮೀಡಿಯಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಬಯೋಟೆಕ್ ಮೈಕ್ರೋಬಯಾಲಜಿ ಅಂತ ಎಂಎಸ್ಸಿಗೆ ಹೋದವರು ಸುಮಾರು ಜನ ಇದ್ದಾರೆ. ಪ್ರಾಜೆಕ್ಟಿಗೆ ಎನ್‌ಕೆ ಸೆಲ್ (ನ್ಯಾಚುರಲ್ ಕಿಲ್ಲರ್, ಕೆಟ್ಟ ಸೆಲ್ಲನ್ನು ಕೊಲ್ಲುವ ಬಿಳಿ ರಕ್ತಕಣ) ಸಿಕ್ಕಿದ್ರೆ ಎಲ್ಲರೂ ಕೇಳುವುದು ಒಂದೇ, ಅದರ ಮೈಮೇಲೆ ಇದ್ದು ಬೇರೆ ಸೆಲ್ಲನ್ನು ಮುಟ್ಟಿ ನೋಡುವ ಈ ರಿಸೆಪ್ಟರುಗಳ ಹೆಸರೇ ತಲೆಗೆ ಹೋಗುದಿಲ್ಲ ಎಂತ ಮಾಡುದು ಅಂತ. ಹೆಸರು ಬಾಯಿಪಾಠ ಮಾಡಿ ಪ್ರಯೋಜನ ಇಲ್ಲ ಮಾರಾಯ್ರೆ, ನಾನೂ ಮಾಡಿ ನೋಡಿದ್ದೇನೆ, ಪರೀಕ್ಷೆ ಮುಗಿದ ಮರುದಿನ ಎಲ್ಲ ಹೋಗಿ ಆಯ್ತು. ಒಂದು ಸರ್ತಿ ಕೈಯಾರೆ ಎಕ್ಸ್‌ಪೆರಿಮೆಂಟ್ ಮಾಡಿದ್ರೆ ಮಾತ್ರ ಯಾವುದು ಎಂತ ಕೆಲಸಕ್ಕೆ ಅಂತ ನಿಲ್ತದೆ. ಅದಕ್ಕೆ ಇದನ್ನು ಬರೀತಾ ಇದ್ದೇನೆ, ಕೆ562 ಅನ್ನುವ ಕ್ಯಾನ್ಸರ್ ಸೆಲ್ಲನ್ನು ಎನ್‌ಕೆ ಸೆಲ್ ಕೊಲ್ಲುವಾಗ ಯಾವ ರಿಸೆಪ್ಟರ್ ಬೇಕಾಗ್ತದೆ ಅಂತ ಬ್ಲಾಕಿಂಗ್ ಮಾಡಿ, ಅಂದ್ರೆ ಒಂದೊಂದನ್ನೇ ಆಂಟಿಬಾಡಿಯಲ್ಲಿ ಮುಚ್ಚಿ, ನೋಡುವ ಕ್ರಮ.

ಕೈ ಹಾಕುವ ಮೊದಲು ಒಂದು ವಿಷಯ ತಲೆಯಲ್ಲಿ ಕೂರ್ಬೇಕು. ಕೇರಳ-ಕರ್ನಾಟಕ ಗಡಿಯ ತಲಪಾಡಿ ಚೆಕ್‌ಪೋಸ್ಟ್ ನೆನಪು ಮಾಡ್ಕೊಳ್ಳಿ, 2021ರಲ್ಲಿ ಆರ್‌ಟಿಪಿಸಿಆರ್ ಸರ್ಟಿಫಿಕೇಟ್ ಇಲ್ಲದೆ ನಾವು ಆಚೆ ಹೋಗ್ಲಿಕ್ಕೆ ಪಟ್ಟ ಪಾಡು ಯಾರೂ ಮರ್ತಿರ್ಲಿಕ್ಕಿಲ್ಲ. ಟಿ ಸೆಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಅಂದ್ರೆ ಕಾಗದದಲ್ಲಿ ಬರ್ದದ್ದನ್ನು ಅಕ್ಷರ ಅಕ್ಷರ ಓದುವ ಪೊಲೀಸ್, ಎಚ್‌ಎಲ್‌ಎ ಅನ್ನುವ ಗುರುತಿನ ಪ್ರೋಟೀನ್ ಮೇಲೆ ಕೂತ ಪೆಪ್ಟೈಡ್ (ಪ್ರೋಟೀನಿನ ತುಂಡು) ಯಾವುದು ಅಂತ ನೋಡ್ತಾನೆ. ಎನ್‌ಕೆ ಸೆಲ್ ಹಾಗಲ್ಲ, ಅವನಿಗೆ ಕಾಗದ ಉಂಟಾ ಇಲ್ವಾ ಅಷ್ಟೇ. ನಮ್ಮ ಮೈಯ ಹೆಚ್ಚುಕಮ್ಮಿ ಎಲ್ಲ ಸೆಲ್ಲಿನ ಮೇಲೂ ಎಚ್‌ಎಲ್‌ಎ ಕ್ಲಾಸ್ ಒನ್ ಇರ್ತದೆ, ಎನ್‌ಕೆ ಸೆಲ್ಲಿನ ಕೆಐಆರ್ ಮತ್ತೆ ಎನ್‌ಕೆಜಿ2ಎ ಅನ್ನುವ ರಿಸೆಪ್ಟರ್ ಅದನ್ನು ಮುಟ್ಟಿದ ಕೂಡ್ಲೆ ಒಳಗೆ "ಬಿಡು, ನಮ್ಮವನೇ" ಅಂತ ಸಿಗ್ನಲ್ ಹೋಗ್ತದೆ. ಟಿ ಸೆಲ್ಲಿನ ಕಣ್ಣು ತಪ್ಪಿಸ್ಲಿಕ್ಕೆ ಕ್ಯಾನ್ಸರ್ ಸೆಲ್ ಆ ಎಚ್‌ಎಲ್‌ಎಯನ್ನೇ ಕೆಳಗೆ ಹಾಕಿದ್ರೆ ಎನ್‌ಕೆ ಸೆಲ್ಲಿನ ಕೈಗೆ ಸಿಕ್ಕಿಬೀಳ್ತದೆ. ಸ್ವೀಡನಿನ ಕ್ಲಾಸ್ ಕಾರೆ ಮತ್ತೆ ಅವರ ಜೊತೆಗಾರರು 1986ರಲ್ಲಿ ನೇಚರಲ್ಲಿ ತೋರಿಸಿದ್ದು ಇದನ್ನೇ, ಮಿಸ್ಸಿಂಗ್ ಸೆಲ್ಫ್ ಅಂತ ಅದರ ಹೆಸರು.

ಆದ್ರೆ ಅಲ್ಲಿಗೆ ನಿಲ್ಲಿಸಿದ್ರೆ ಅರ್ಧ ಕತೆ. ಕೆಂಪು ರಕ್ತಕಣದ ಮೇಲೆ ಎಚ್‌ಎಲ್‌ಎ ಕ್ಲಾಸ್ ಒನ್ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಂತ ನಮ್ಮ ಎನ್‌ಕೆ ಸೆಲ್ ದಿನಾ ಅದನ್ನು ಕೊಲ್ತಾ ಕೂರ್ತದಾ? ಇಲ್ಲ. ಕಾಗದ ಇಲ್ಲದ್ದು ಮಾತ್ರ ಸಾಲ್ದು, ಚೀಲದಲ್ಲಿ ಸಂಶಯದ ಸಾಮಾನೂ ಇರ್ಬೇಕು. ಆ ಸಾಮಾನು ಹುಡುಕುವ ಕೈಗಳೇ ಆಕ್ಟಿವೇಟಿಂಗ್ ರಿಸೆಪ್ಟರುಗಳು. ಎನ್‌ಕೆಜಿ2ಡಿ ಅನ್ನುವುದು ಎಂಐಸಿಎ, ಎಂಐಸಿಬಿ, ಯುಎಲ್‌ಬಿಪಿ ಅಂತ ಸೆಲ್ಲು ಸ್ಟ್ರೆಸ್ಸಲ್ಲಿ ಇರುವಾಗ ಹೊರಗೆ ಹಾಕುವ ಪ್ರೋಟೀನನ್ನು ಹಿಡೀತದೆ. ಡಿನ್ಯಾಮ್-1 ಅನ್ನುವುದು ಸಿಡಿ155 ಮತ್ತೆ ಸಿಡಿ112ನ್ನು. ಎನ್‌ಕೆಪಿ46, ಎನ್‌ಕೆಪಿ44, ಎನ್‌ಕೆಪಿ30 ಈ ಮೂರನ್ನು ಇಟಲಿಯ ಜೆನೋವಾದ ಮೊರೆಟ್ಟಾ ಅಣ್ಣತಮ್ಮಂದಿರ ಗುಂಪು 1997, 1998, 1999 ಹೀಗೆ ವರ್ಷಕ್ಕೊಂದರಂತೆ ಹೊರಗೆ ತಂದದ್ದು, ಹೆಸರಿನ ನಂಬರ್ ಇಳೀತಾ ಬರ್ತದೆ ವರ್ಷ ಏರ್ತಾ ಹೋಗ್ತದೆ ಅಂತ ನೆನಪಿಟ್ರೆ ಆಯ್ತು. ಎನ್‌ಕೆಪಿ30ಕ್ಕೆ ಬಿ7-ಎಚ್6 ಅನ್ನುವ ಲೈಗಂಡ್ (ರಿಸೆಪ್ಟರ್ ಹಿಡಿಯುವ ಸಾಮಾನು) ಉಂಟು, ಅದು ಕೆ562 ಮೇಲೆ ಸಿಗ್ತದೆ. ಸಿಡಿ16 ಬೇರೆ ಜಾತಿ, ಅದು ಆಂಟಿಬಾಡಿಯ ಬಾಲ ಹಿಡಿಯುವ ರಿಸೆಪ್ಟರ್. ಅದನ್ನು ಮರೀಬೇಡಿ, ಮುಂದೆ ನನ್ನ ಮರ್ಯಾದೆ ತೆಗೆದದ್ದು ಅದರದ್ದೇ ಜಾತಿಯ ಇನ್ನೊಂದು.

ಈಗ ಕೆಲಸ. ಮನುಷ್ಯರ ರಕ್ತ ಆದ್ದರಿಂದ ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು ಬೇಕು, ಫ್ರೆಂಡ್ ಕೈ ಚಾಚಿದ, ಸಿರಿಂಜ್ ಇತ್ತು, ರಕ್ತ ತೆಗೆದೆ ಅಂತ ಮಾಡ್ಲಿಕ್ಕಿಲ್ಲ. ಹೆಪಟೈಟಿಸ್ ಬಿ ಇಂಜೆಕ್ಷನ್ ನಿಮಗೆ ಆಗಿರ್ಬೇಕು. ಗ್ಲೌಸ್, ಬಯೋಸೇಫ್ಟಿ ಕ್ಯಾಬಿನೆಟ್ಟು ಎಲ್ಲ ಹೇಳ್ಬೇಕಾಗಿಲ್ಲ ಅಂದ್ಕೊಳ್ತೇನೆ.

ರಕ್ತ ಎಷ್ಟು ಬೇಕು ಅಂತ ಲೆಕ್ಕ ಹಾಕದೆ ಶುರು ಮಾಡುವವರೇ ಜಾಸ್ತಿ. 10 ಎಂಎಲ್ ರಕ್ತದಲ್ಲಿ ಸುಮಾರು 1 ಕೋಟಿ ಬಿಳಿ ಮಾನೋನ್ಯೂಕ್ಲಿಯರ್ ಸೆಲ್ ಸಿಗ್ತದೆ, ಅದರಲ್ಲಿ ಎನ್‌ಕೆ ಸೆಲ್ ಹತ್ತರಲ್ಲಿ ಒಂದು ಅಂತ ಇಟ್ಕೊಳ್ಳಿ, ಜನರ ಮೇಲೆ ಹೋಗ್ತದೆ, ನೂರಕ್ಕೆ 5ರಿಂದ 15 ಇರ್ಬಹುದು. ಅಂದ್ರೆ 10 ಲಕ್ಷ. ಒಂದು ವೆಲ್ಲಿಗೆ (ಪ್ಲೇಟಿನ ಒಂದು ಗುಳಿಗೆ) 5,000 ಕೆ562, ಒಂದಕ್ಕೆ ಐದರ ಪ್ರಮಾಣದಲ್ಲಿ 25,000 ಎನ್‌ಕೆ, ಮೂರು ಮೂರು ವೆಲ್ ಹಾಕಿದ್ರೆ ಒಂದು ಕಂಡೀಶನಿಗೆ 75,000. ಕಂಡೀಶನ್ ಎಷ್ಟು? ಆಂಟಿಬಾಡಿ ಇಲ್ಲದ್ದು ಒಂದು, ಐಸೋಟೈಪ್ (ಈ ಯಾವ ರಿಸೆಪ್ಟರನ್ನೂ ಹಿಡಿಯದ, ಹೋಲಿಕೆಗೆ ಇಡುವ ಆಂಟಿಬಾಡಿ) ಒಂದು, ಎನ್‌ಕೆಜಿ2ಡಿ, ಎನ್‌ಕೆಪಿ30, ಎನ್‌ಕೆಪಿ46, ಡಿನ್ಯಾಮ್-1 ಒಂದೊಂದು, ಮತ್ತೆ ಎಲ್ಲ ಒಟ್ಟಿಗೆ ಹಾಕಿದ ಕಾಕ್‌ಟೈಲ್ ಒಂದು, ಹೀಗೆ ಏಳು. ಅಲ್ಲಿಗೆ 5,25,000 ಆಯ್ತು. ಅದರ ಅರ್ಧ ಪ್ರಮಾಣದಲ್ಲಿ ಇನ್ನೊಂದು ಸೆಟ್ ಹಾಕಿದ್ರೆ 7,87,500. ಪ್ಯೂರಿಫೈ ಮಾಡುವಾಗ ಸೋರಿಹೋಗುವುದು, ಪ್ಯೂರಿಟಿ ನೋಡ್ಲಿಕ್ಕೆ ಬೇಕಾದ್ದು ಎಲ್ಲ ಸೇರಿದ್ರೆ 10 ಎಂಎಲ್ ಸಾಲುದಿಲ್ಲ. 20 ಎಂಎಲ್ ಆದ್ರೂ ಬೇಕು, ಹೆಪಾರಿನ್ ಟ್ಯೂಬಲ್ಲಿ.

ರಕ್ತ ಆದಿನವೇ ಬಳಸಿ. ನಾನು ಕುಂಬಳೆಯಿಂದ ಟ್ರೈನಲ್ಲಿ ಮಂಗ್ಳೂರಿಗೆ ಹೋಗಿಬಂದು ಮಾಡ್ತಿದ್ದ ಕಾಲದಲ್ಲಿ ಊರಿನ ಡೋನರ್ ಸ್ಯಾಂಪಲ್ ಬೆಳಿಗ್ಗೆ ಹಿಡ್ಕೊಂಡು ಹೋಗುವುದು ಅಂತ ಪ್ಲ್ಯಾನ್ ಇತ್ತು, ಒಂದು ದಿನ ಟ್ರೈನ್ ಲೇಟ್, ಇನ್ನೊಂದು ದಿನ ಐಸಿನ ಮೇಲೆ ಇಟ್ಟು ತಂದೆ ಅಂತ ಬೈಸಿಕೊಂಡದ್ದು. ಐಸ್ ಬೇಡ. ರೂಮ್ ಟೆಂಪರೇಚರಲ್ಲಿ ತನ್ನಿ. ಕೊನೆಗೆ ಡೋನರನ್ನೇ ಮಂಗ್ಳೂರಿಗೆ ಕರ್ಕೊಂಡು ಹೋಗಿ ಚಾ ತಿಂಡಿ ಕೊಡ್ಸುದು ಸುಲಭ ಅಂತ ಗೊತ್ತಾಯ್ತು.

ರಕ್ತಕ್ಕೆ ಅಷ್ಟೇ ಪಿಬಿಎಸ್ (ಉಪ್ಪಿನ ಬಫರ್) ಸೇರ್ಸಿ ಫೈಕಾಲ್ ಅನ್ನುವ ಭಾರದ ದ್ರವದ ಮೇಲೆ ನಿಧಾನ ಇಳಿಸಿ, ಟ್ಯೂಬನ್ನು ಓರೆ ಹಿಡಿದು ಗೋಡೆಯ ಮೇಲಿಂದ. ಸೆಂಟ್ರಿಫ್ಯೂಜಲ್ಲಿ 400 ಜಿಯಲ್ಲಿ ಅರ್ಧ ಗಂಟೆ, ಬ್ರೇಕ್ ಆಫ್. ಬ್ರೇಕ್ ಆನ್ ಇದ್ರೆ ಘಾಟಿ ತಿರುವಿನಲ್ಲಿ ಬಸ್ಸಿನವ ಬ್ರೇಕ್ ಒತ್ತಿದಾಗ ಒಳಗಿನವರು ಹೇಗೆ ಒಬ್ಬರ ಮೇಲೆ ಒಬ್ಬರು ಬೀಳ್ತಾರೋ ಹಾಗೆ ಪದರ ಎಲ್ಲ ಕಲಸಿಹೋಗ್ತದೆ. ನಡುವೆ ಮೋಡದ ಹಾಗೆ ಬಿಳಿ ಪದರ ಕಾಣ್ತದೆ, ಅದೇ ನಮ್ಮ ಮಾಲು. ತೆಗೆದು ಎರಡು ಸರ್ತಿ ತೊಳೀರಿ.

ಅದರಿಂದ ಎನ್‌ಕೆ ಬೇರೆ ಮಾಡ್ಲಿಕ್ಕೆ ಮ್ಯಾಗ್ನೆಟ್ ಕಿಟ್ ಬರ್ತದೆ, ನೆಗೆಟಿವ್ ಸೆಲೆಕ್ಷನ್ ಅಂತ ಬರ್ದದ್ದನ್ನೇ ತೆಕ್ಕೊಳ್ಳಿ. ಬೇಡದ ಸೆಲ್ಲುಗಳಿಗೆಲ್ಲ ಬೀಡ್ ಅಂಟಿಸಿ ಮ್ಯಾಗ್ನೆಟ್ಟಿಗೆ ಹಿಡಿಸುದು, ಎನ್‌ಕೆಯನ್ನು ಮುಟ್ಟದೆ ಹಾಗೇ ಕೆಳಗೆ ಬಿಡುದು. ಪಾಸಿಟಿವ್ ಸೆಲೆಕ್ಷನ್ನಲ್ಲಿ ಎನ್‌ಕೆ ಮೇಲೆಯೇ ಆಂಟಿಬಾಡಿ ಕೂರ್ತದೆ, ರಿಸೆಪ್ಟರ್ ಬಗ್ಗೆ ನೋಡ್ಲಿಕ್ಕೆ ಹೊರಟವರು ಮೊದಲೇ ಸೆಲ್ಲಿನ ಮೈ ಮುಟ್ಟಿ ಎಬ್ಬಿಸಿ ಆಮೇಲೆ ನೋಡಿದ್ರೆ ಎಂತ ಅರ್ಥ. ಫ್ಲೋ ಸೈಟೋಮೀಟರಲ್ಲಿ ಸಿಡಿ3 (ಟಿ ಸೆಲ್ಲಿನ ಗುರುತು) ಇಲ್ಲದ ಸಿಡಿ56 (ಎನ್‌ಕೆ ಗುರುತು) ಇರುವ ಸೆಲ್ ನೂರಕ್ಕೆ 90ಕ್ಕಿಂತ ಮೇಲೆ ಇದ್ರೆ ಮುಂದುವರೀರಿ.

ಐಎಲ್-2 (ಎನ್‌ಕೆಯನ್ನು ಎಬ್ಬಿಸುವ ಸಿಗ್ನಲ್ ಪ್ರೋಟೀನ್) ಹಾಕಿ ರಾತ್ರಿ ಇಡ್ಬೇಕಾ ಬೇಡ್ವಾ ಅಂತ ಮೊದಲೇ ತೀರ್ಮಾನ ಮಾಡಿ, ಮತ್ತೆ ಬದಲಾಯಿಸ್ಬೇಡಿ. ಹಾಕಿದ್ರೆ ಕೊಲ್ಲುವ ಶಕ್ತಿ ಜೋರಾಗ್ತದೆ, ನಂಬರ್ ಚಂದ ಬರ್ತದೆ, ಗೈಡಿಗೆ ಖುಷಿ. ಆದ್ರೆ ಅದು ಬೇರೆಯೇ ಸೆಲ್ ಅಂತ ಲೆಕ್ಕ. ಎನ್‌ಕೆಪಿ44 ಸುಮ್ನೆ ಕೂತ ಎನ್‌ಕೆ ಸೆಲ್ಲಲ್ಲಿ ಕಾಣುವುದೇ ಇಲ್ಲ, ಆಕ್ಟಿವೇಟ್ ಆದ ಮೇಲೆ ಬರುದು. ನನ್ನನ್ನು ಕೇಳಿದ್ರೆ ಮೊದಲ ಸರ್ತಿ ಐಎಲ್-2 ಇಲ್ಲದೆ ಮಾಡಿ, ಎನ್‌ಕೆಪಿ44 ಬಿಟ್ಟುಬಿಡಿ.

ಇನ್ನು ಕೆ562. 1970ರಲ್ಲಿ ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ ಇದ್ದ 53 ವರ್ಷದ ಒಬ್ಬ ಹೆಂಗಸಿನಿಂದ ಬಂದ ಸೆಲ್ ಲೈನ್. ಎಚ್‌ಎಲ್‌ಎ ಕ್ಲಾಸ್ ಒನ್ ಹೆಚ್ಚುಕಮ್ಮಿ ಸೊನ್ನೆ, ಸಂಶಯದ ಸಾಮಾನು ಚೀಲ ತುಂಬ, ಅದಕ್ಕೇ ಎನ್‌ಕೆ ಕೆಲಸಕ್ಕೆ ಎಲ್ಲರೂ ಇದನ್ನೇ ಹಿಡಿಯುದು. ಇದು ತೇಲುವ ಸೆಲ್, ಟ್ರಿಪ್ಸಿನ್ ಬೇಡ. ನಿಮ್ಮ ಪ್ರಾಜೆಕ್ಟ್ ತಳಕ್ಕೆ ಅಂಟುವ ಟ್ಯೂಮರ್ ಸೆಲ್ ಆಗಿದ್ರೆ ಟ್ರಿಪ್ಸಿನ್ ಹಾಕಿ ಬಿಡಿಸುವಾಗ ಮೇಲಿನ ಲೈಗಂಡ್ ಕೂಡಾ ಕತ್ತರಿಸಿ ಹೋಗುವ ಹೆದರಿಕೆ ಉಂಟು, ಇಡಿಟಿಎಯಲ್ಲೇ ಬಿಡಿಸಿ. ಹಿಂದಿನ ದಿನ ಹೊಸ ಮೀಡಿಯಂ ಕೊಟ್ಟು ಚೆನ್ನಾಗಿ ಬೆಳೀತಾ ಇರುವ ಸೆಲ್ಲನ್ನೇ ತೆಕ್ಕೊಳ್ಳಿ, ಟ್ರಿಪ್ಯಾನ್ ಬ್ಲೂನಲ್ಲಿ ಸತ್ತದ್ದು ನೂರಕ್ಕೆ ಐದಕ್ಕಿಂತ ಕಮ್ಮಿ ಇರ್ಲಿ. ಆಟಿ ತಿಂಗಳಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಇನ್‌ಕ್ಯುಬೇಟರ್ ಆಟ ಆಡ್ತದಲ್ಲ, ಅಂಥ ವಾರದಲ್ಲಿ ಈ ಎಕ್ಸ್‌ಪೆರಿಮೆಂಟ್ ಇಟ್ಕೊಳ್ಳಬೇಡಿ. ಬ್ಲಾಕ್ ಮಾಡುವ ಮೊದಲು ಲೈಗಂಡ್ ನಿಜವಾಗಿ ಮೇಲೆ ಉಂಟಾ ಅಂತ ಫ್ಲೋದಲ್ಲಿ ಒಂದು ಸರ್ತಿ ನೋಡಿ, ಎಂಐಸಿಎಯನ್ನು ಕೆಲವು ಟ್ಯೂಮರ್ ಸೆಲ್ ತಾನೇ ಕತ್ತರಿಸಿ ಹೊರಗೆ ಬಿಡ್ತದೆ, ಹೊರಗೆ ಬಿಟ್ಟದ್ದು ಹೋಗಿ ಎನ್‌ಕೆಜಿ2ಡಿಯನ್ನೇ ಮಂಕು ಮಾಡ್ತದೆ, ಕಳ್ಳನಿಗಿಂತ ಹುಷಾರು.

ಸತ್ತದ್ದನ್ನು ಅಳೀಲಿಕ್ಕೆ ಹಳೇ ಕ್ರಮ ಕ್ರೋಮಿಯಂ-51, ಅದು ರೇಡಿಯೋಆಕ್ಟಿವ್, ಲೈಸೆನ್ಸ್ ಬೇಕು, ನಮ್ಮಂಥವರಿಗೆ ಆಗುವ ವ್ಯವಹಾರ ಅಲ್ಲ. ಕ್ಯಾಲ್ಸೀನ್-ಎಎಂ ಬಳಸಿ. 10 ಮೈಕ್ರೋಮೋಲಾರಲ್ಲಿ ಕೆ562ನ್ನು 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ರೆ ಡೈ ಒಳಗೆ ಹೋಗಿ ಹಸಿರು ಹೊಳೀತದೆ, ಸೆಲ್ ಒಡೆದ್ರೆ ಹೊರಗಿನ ನೀರಿಗೆ ಬರ್ತದೆ, ಆ ನೀರನ್ನು ಪ್ಲೇಟ್ ರೀಡರಲ್ಲಿ ಓದುದು. ಒಂದೇ ತೊಂದರೆ, ಬದುಕಿದ್ದ ಸೆಲ್ಲಿಂದಲೂ ಸ್ವಲ್ಪ ಸ್ವಲ್ಪ ಸೋರ್ತದೆ, ಚೆನ್ನಾಗಿ ತೊಳೆದು ಕೂಡ್ಲೆ ಪ್ಲೇಟಿಗೆ ಹಾಕ್ಬೇಕು, ಲೇಬಲ್ ಮಾಡಿಟ್ಟು ಊಟಕ್ಕೆ ಹೋದ್ರೆ ಕೆಲಸ ಕೆಡ್ತದೆ.

ಇನ್ನು ಬ್ಲಾಕಿಂಗ್. ಇಲ್ಲೇ ನಾನು ಬಿದ್ದದ್ದು, ಹಾಗಾಗಿ ಉದ್ದ ಹೇಳ್ತೇನೆ.

ನಾನು ಮಾಡಿದ್ದು ಇಷ್ಟು, ಎನ್‌ಕೆಪಿ46 ಮೇಲಿನ ಆಂಟಿಬಾಡಿ ತಂದು ಎನ್‌ಕೆ ಸೆಲ್ಲಿಗೆ ಹಾಕಿ ಅರ್ಧ ಗಂಟೆ ಇಟ್ಟು ಕೆ562 ಸೇರಿಸಿದೆ. ಬ್ಲಾಕ್ ಆದ್ರೆ ಕೊಲ್ಲುದು ಕಮ್ಮಿ ಆಗ್ಬೇಕಲ್ಲ, ನನಗೆ ಜಾಸ್ತಿ ಆಯ್ತು. ಸರ್ ಹೇಳಿದ್ರು ಟ್ಯೂಬ್ ಅದಲುಬದಲು ಮಾಡಿದ್ದಿ ಅಂತ. ಪುನಃ ಮಾಡಿದೆ, ಪುನಃ ಜಾಸ್ತಿ. ಮೂರನೇ ಸರ್ತಿ ಮಾಡುವಾಗ ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು, ಟ್ಯೂಬಿನ ಮೇಲೆ ಕೆಂಪು ಪೆನ್ನಲ್ಲಿ ಬರ್ದು ಫೋಟೋ ತೆಗೆದು ಇಟ್ಕೊಂಡಿದ್ದೆ. ಆಗ್ಲೂ ಜಾಸ್ತಿಯೇ.

ವಿಷಯ ಎಂತ ಅಂದ್ರೆ ಆಂಟಿಬಾಡಿಗೆ ಎರಡು ಕೈ ಒಂದು ಬಾಲ. ಕೈ ಹೋಗಿ ಎನ್‌ಕೆಪಿ46ನ್ನು ಹಿಡಿಯಿತು. ಬಾಲ? ಕೆ562 ಮೇಲೆ ಆಂಟಿಬಾಡಿಯ ಬಾಲ ಹಿಡಿಯುವ ಸಿಡಿ32 ಅನ್ನುವ ರಿಸೆಪ್ಟರ್ ಉಂಟು, ಅದು ಬಾಲ ಹಿಡಿಯಿತು. ಅಂದ್ರೆ ನಾನು ಜಗಳ ಬಿಡಿಸ್ಲಿಕ್ಕೆ ಅಂತ ಹೋಗಿ ಇಬ್ಬರ ಕೈಯನ್ನೂ ಹಗ್ಗದಲ್ಲಿ ಕಟ್ಟಿ ಕೊಟ್ಟ ಹಾಗೆ ಆಯ್ತು, ಎನ್‌ಕೆಪಿ46 ಎಳೆದು ಬಿಗಿ ಆಗಿ ಸಿಗ್ನಲ್ ಇನ್ನೂ ಜೋರು. ಇದಕ್ಕೆ ರೀಡೈರೆಕ್ಟೆಡ್ ಲೈಸಿಸ್ ಅಂತಾರೆ, ಪಿ815 ಅನ್ನುವ ಇಲಿಯ ಸೆಲ್ಲಲ್ಲಿ ಬೇಕಂತಲೇ ಹೀಗೆ ಮಾಡಿ ಒಂದೊಂದು ರಿಸೆಪ್ಟರನ್ನು ಟೆಸ್ಟ್ ಮಾಡ್ತಾರೆ. ನಾನು ಬೇಡದ ಕಡೆ ಮಾಡಿಟ್ಟೆ ಅಷ್ಟೇ.

ಇದರ ತಿರುಗಾ ರೂಪವೂ ಉಂಟು. ರಿಸೆಪ್ಟರ್ ಬೇಡ, ಟ್ಯೂಮರ್ ಮೇಲಿನ ಲೈಗಂಡನ್ನೇ ಮುಚ್ಚುವ ಅಂತ ಎಂಐಸಿಎ ಮೇಲಿನ ಆಂಟಿಬಾಡಿ ಹಾಕ್ತೀರಿ ಅಂತ ಇಟ್ಕೊಳ್ಳಿ, ಆಗ ಕೈ ಟ್ಯೂಮರಿನಲ್ಲಿ, ಬಾಲ ಎನ್‌ಕೆ ಸೆಲ್ಲಿನ ಸಿಡಿ16 ಕೈಗೆ. ಸಿಡಿ16 ಇದ್ದದ್ದೇ ಅದಕ್ಕೆ, ಲಿಂಫೋಮಾಕ್ಕೆ ಕೊಡುವ ರಿಟುಕ್ಸಿಮ್ಯಾಬ್ ಮದ್ದಿನ ಕೆಲಸದಲ್ಲಿ ಒಂದು ಪಾಲು ಹೀಗೆಯೇ ನಡಿಯುದು. ಹಾಗಾಗಿ ಎರಡು ಕಡೆಗೂ ಒಂದೇ ಪರಿಹಾರ, ಬಾಲ ಕತ್ತರಿಸಿದ ಆಂಟಿಬಾಡಿ, ಎಫ್‌ಎಬಿ-ಟೂ ಅಂತ ಕೇಳಿ ತರಿಸಿ. ರೇಟು ಜಾಸ್ತಿ. ಆದ್ರೂ ನಾನು ಹಾಳು ಮಾಡಿದ ಮೂರು ಸರ್ತಿಯ ಖರ್ಚು ನೋಡಿದ್ರೆ ಚೀಪೇ.

ಬಾಟ್ಲಿಯ ಮೇಲೆ ಇನ್ನೊಂದು ನೋಡ್ಲಿಕ್ಕೆ ಉಂಟು, ಸೋಡಿಯಂ ಅಜೈಡ್ ಇರ್ಬಾರ್ದು. ಫ್ಲೋಗೆ ಅಂತ ಇಟ್ಟ ಆಂಟಿಬಾಡಿಯಲ್ಲಿ ಕೆಡದ ಹಾಗೆ ಅಜೈಡ್ ಹಾಕಿರ್ತಾರೆ, ಅದು ಎನ್‌ಕೆ ಸೆಲ್ಲಿಗೇ ವಿಷ, ಕೊಲ್ಲುದು ಕಮ್ಮಿ ಆಯ್ತು ಅಂತ ನೀವು ಕುಣೀತೀರಿ, ನಿಜ ನೋಡಿದ್ರೆ ಕೊಲ್ಲುವವನೇ ಸುಸ್ತು. ಐಸೋಟೈಪ್ ಕಂಟ್ರೋಲ್ ಕೂಡಾ ಅದೇ ರೂಪದ್ದು ಅದೇ ಡೋಸಿನದ್ದು ಇರ್ಬೇಕು. ಮಿಲಿಗೆ 10 ಮೈಕ್ರೋಗ್ರಾಮ್, ಎನ್‌ಕೆ ಸೆಲ್ ಜೊತೆ 20ರಿಂದ 30 ನಿಮಿಷ, ತೊಳೀಬೇಡಿ, ಹಾಗೇ ಕೆ562 ಸೇರಿಸಿ. ಯು ಬಾಟಮ್ ಇರುವ 96 ವೆಲ್ ಪ್ಲೇಟ್, 100 ಜಿಯಲ್ಲಿ ಒಂದು ನಿಮಿಷ ತಿರುಗಿಸಿ ಸೆಲ್ಲುಗಳನ್ನು ಹತ್ತಿರ ಮಾಡಿ, 37 ಡಿಗ್ರಿ, 5 ಪರ್ಸೆಂಟ್ ಸಿಒಟು, 4 ಗಂಟೆ. ಎನ್‌ಕೆ ಇಲ್ಲದೆ ಬರೇ ಕೆ562 ಮೂರು ವೆಲ್, ಟ್ರೈಟನ್ ಹಾಕಿ ಪೂರಾ ಒಡೆದ ಕೆ562 ಮೂರು ವೆಲ್ ಇಡ್ಲಿಕ್ಕೆ ಮರೀಬೇಡಿ.

4 ಗಂಟೆ ಎಂತಕ್ಕೆ ಅಂದ್ರೆ ಅಷ್ಟರಲ್ಲಿ ಕಾಣುದು ಮುಖ್ಯವಾಗಿ ಪರ್ಫೋರಿನ್ ಗ್ರ್ಯಾಂಜೈಮ್ ದಾರಿಯ ಸಾವು, ಪರ್ಫೋರಿನ್ ತೂತು ಮಾಡ್ತದೆ, ಗ್ರ್ಯಾಂಜೈಮ್ ಒಳಗೆ ನುಗ್ಗಿ ಸಾವಿನ ಸ್ವಿಚ್ ಒತ್ತುತ್ತದೆ. ಟ್ರೇಲ್, ಫಾಸ್ ಅನ್ನುವ ಕೊಲ್ಲುವ ಬೇರೆ ದಾರಿಗಳು ನಿಧಾನ. ಅನುಮಾನ ಇದ್ರೆ ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಮತ್ತೆ ಮೆಗ್ನೀಸಿಯಂ ಹಾಕಿದ ವೆಲ್ ಒಂದು ಇಡಿ, ಕ್ಯಾಲ್ಸಿಯಂ ಇಲ್ಲದೆ ಪರ್ಫೋರಿನ್ ಕೆಲಸ ನಡಿಯುದಿಲ್ಲ, ಕೊಲ್ಲುದು ನಿಂತ್ರೆ ದಾರಿ ಅದೇ ಅಂತ ಲೆಕ್ಕ.

ಲೆಕ್ಕ ಮಾಡುವುದು ಅಡಿಕೆ ತೂಕ ಮಾಡಿದ ಹಾಗೆ. ಗೋಣಿಯ ತೂಕ ಕಳೀದೆ ಯಾರಾದ್ರೂ ಚಾಲಿ ತೂಗ್ತಾರಾ? ಬರೇ ಕೆ562 ವೆಲ್ಲಲ್ಲಿ ಸೋರಿದ್ದು ಗೋಣಿ. ಉದಾಹರಣೆಗೆ ಸೋರಿದ್ದು 800, ಪೂರಾ ಒಡೆದದ್ದು 6,800, ನಿಮ್ಮ ವೆಲ್ಲಲ್ಲಿ 2,600 ಅಂತ ಬಂತು. ಮೇಲೆಯೂ ಕೆಳಗೆಯೂ 800 ಕಳೀರಿ, 1,800ನ್ನು 6,000ದಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ 30 ಪರ್ಸೆಂಟ್. ಎನ್‌ಕೆಜಿ2ಡಿ ಬ್ಲಾಕ್ ಮಾಡಿದ ವೆಲ್ಲಲ್ಲಿ 1,700 ಇದ್ರೆ 15 ಪರ್ಸೆಂಟ್. ಸೋರಿದ್ದು ಪೂರಾ ಒಡೆದದ್ದರ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇದ್ರೆ ಆ ಪ್ಲೇಟ್ ಬಿಸಾಡಿ, ಗೋಣಿಯೇ ಅಡಿಕೆಗಿಂತ ಭಾರ ಆಗ್ತದೆ.

ಈಗ 30 ಇದ್ದದ್ದು 15 ಆಯ್ತು, ಹಾಗಾದ್ರೆ ಎನ್‌ಕೆಜಿ2ಡಿ ಅರ್ಧ ಕೊಂದದ್ದು ಅಂತ ಬರೀಲಿಕ್ಕೆ ಉಂಟಾ? ಇಲ್ಲ. ಪ್ರಾಜೆಕ್ಟ್ ರಿಪೋರ್ಟಲ್ಲಿ ಎಲ್ಲರೂ ಮಾಡುವ ತಪ್ಪು ಇದೇ. ಒಂದೊಂದನ್ನೂ ಬೇರೆ ಬೇರೆ ಬ್ಲಾಕ್ ಮಾಡಿ ಕಮ್ಮಿ ಆದದ್ದನ್ನೆಲ್ಲ ಕೂಡಿಸಿ ನೋಡಿ, ಕೆಲವೊಮ್ಮೆ ನೂರು ದಾಟ್ತದೆ, ಕೆಲವೊಮ್ಮೆ ನೂರರ ಹತ್ತಿರವೂ ಬರುದಿಲ್ಲ. ಯಾಕಂದ್ರೆ ಇವು ಪಾಲುದಾರರ ಹಾಗೆ ಲೆಕ್ಕ ಹಂಚಿಕೊಳ್ಳುದಿಲ್ಲ. ಬ್ರೈಸೆಸನ್, ಲಾಂಗ್ ಮತ್ತೆ ಜೊತೆಯವರು 2006ರಲ್ಲಿ ತೋರಿಸಿದ್ದು ಎಂತ ಅಂದ್ರೆ ಆಕ್ಟಿವೇಟ್ ಮಾಡದ ಎನ್‌ಕೆ ಸೆಲ್ಲಲ್ಲಿ ಸಿಡಿ16 ಒಂದನ್ನು ಬಿಟ್ರೆ ಬಾಕಿದ್ದು ಒಂಟಿಯಾಗಿ ತಟ್ಟಿದ್ರೆ ಗ್ರ್ಯಾನ್ಯೂಲ್ (ಪರ್ಫೋರಿನ್, ಗ್ರ್ಯಾಂಜೈಮ್ ತುಂಬಿದ ಚೀಲ) ಹೊರಗೆ ಬರುದಿಲ್ಲ, ಎರಡು ಸೇರ್ಬೇಕು, ಎನ್‌ಕೆಪಿ46 ಜೊತೆ ಎನ್‌ಕೆಜಿ2ಡಿಯೋ ಡಿನ್ಯಾಮ್-1ಓ ಹೀಗೆ. ಚೆಂಡೆ ಒಂದೇ ಬಾರಿಸಿದ್ರೆ ಯಕ್ಷಗಾನ ಆಗುದಿಲ್ಲ ಮದ್ದಳೆಯೂ ಬೇಕು, ಮದ್ದಳೆಯವ ಎದ್ದು ಹೋದಾಗ ಆಟ ನಿಂತಿತು ಅಂತ ಆಟ ಪೂರಾ ಮದ್ದಳೆಯದ್ದೇ ಅಂತ ಹೇಳ್ಲಿಕ್ಕಾಗ್ತದಾ. ಹಾಗಾಗಿ "ಈ ಡೋನರಲ್ಲಿ, ಈ ಟಾರ್ಗೆಟ್ ಮೇಲೆ, ಎನ್‌ಕೆಜಿ2ಡಿ ತೆಗೆದ್ರೆ ಕೊಲ್ಲುದು ಇಷ್ಟು ಇಳೀತದೆ" ಅಂತ ಬರೀರಿ. ಕಾಕ್‌ಟೈಲ್ ವೆಲ್ ಇಟ್ಟದ್ದು ಇದಕ್ಕೇ, ಎಲ್ಲ ಬ್ಲಾಕ್ ಮಾಡಿದ ಮೇಲೂ ಕೊಲ್ತಾ ಇದ್ರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಯಾರೋ ಒಬ್ಬ ಒಳಗೆ ಇದ್ದಾನೆ.

ಒಬ್ಬ ಡೋನರಿನ 30ನ್ನು ಇನ್ನೊಬ್ಬನ 18ಕ್ಕೆ ಹೋಲಿಸಿ ಇವನ ಎನ್‌ಕೆ ಸ್ಟ್ರಾಂಗ್ ಅಂತ ಹೇಳಬೇಡಿ, ಕೆಐಆರ್ ಜೀನ್ ಮನುಷ್ಯರಿಂದ ಮನುಷ್ಯರಿಗೆ ಬೇರೆ, ಹೋಲಿಕೆ ಯಾವಾಗ್ಲೂ ಅದೇ ಡೋನರಿನ ಐಸೋಟೈಪ್ ವೆಲ್ಲಿಗೆ. ಕಮ್ಮಿ ಅಂದ್ರೆ ಮೂರು ಡೋನರಲ್ಲಾದ್ರೂ ಮಾಡಿ. ಮತ್ತೆ ಊರಿನವರು ವಾಟ್ಸಾಪಲ್ಲಿ ಬಂದ ಎನ್‌ಕೆ ಸೆಲ್ ಜಾಸ್ತಿ ಮಾಡುವ ಪೌಡರ್ ತೋರಿಸಿ ಇದು ಹೇಗೆ ಅಂತ ಕೇಳಿದ್ರೆ, ಪ್ಲೇಟಲ್ಲಿ ಕೆ562 ಸತ್ತದ್ದಕ್ಕೂ ಮೈಯೊಳಗಿನ ಗಡ್ಡೆಗೂ ತುಂಬ ದೂರ ಉಂಟು ಅಂತ ಹೇಳಿ, ಡಾಕ್ಟರ ಹತ್ತಿರ ಕಳಿಸಿ. ಗಡ್ಡೆಯೊಳಗೆ ಟಿಜಿಎಫ್-ಬೀಟಾ ಅನ್ನುವ ಸಿಗ್ನಲ್ ಪ್ರೋಟೀನ್ ಇರ್ತದೆ, ಅದು ಎನ್‌ಕೆಜಿ2ಡಿಯನ್ನೇ ಇಳಿಸ್ತದೆ, ನಮ್ಮ ಪ್ಲೇಟಲ್ಲಿ ಅದೆಲ್ಲ ಇಲ್ಲ.

ರಿಸಲ್ಟ್ ಸರಿ ಬಂದ್ರೆ ಅದೇ ಕಂಡೀಶನಲ್ಲಿ ಸಿಡಿ107ಎ ಕೂಡಾ ನೋಡಿ, ಎನ್‌ಕೆ ಗ್ರ್ಯಾನ್ಯೂಲ್ ಬಿಟ್ಟಾಗ ಅದು ಮೇಲೆ ಬಂದು ಕೂರ್ತದೆ, ಒಂದಕ್ಕೆ ಒಂದು ಪ್ರಮಾಣದಲ್ಲಿ ಸೆಲ್ ಹಾಕಿ ಸಿಡಿ107ಎ ಆಂಟಿಬಾಡಿಯನ್ನು ಮೊದಲೇ ಸೇರಿಸಿ, ಒಂದು ಗಂಟೆ ಬಿಟ್ಟು ಮೊನೆನ್ಸಿನ್ ಹಾಕಿ. ಕೊಲ್ಲುದು ಇಳಿದಾಗ ಇದೂ ಇಳಿದಿದ್ರೆ ತೊಂದರೆ ಎನ್‌ಕೆ ಕಡೆಯದ್ದು, ಇದು ಇಳೀದೆ ಕೊಲ್ಲುದು ಮಾತ್ರ ಇಳಿದಿದ್ರೆ ಟಾರ್ಗೆಟ್ ಕಡೆ ಎಂತದೋ ಆಗಿದೆ. ಉಳಿದ ಎನ್‌ಕೆ ಸೆಲ್ಲನ್ನು ಮುಂದಿನ ವಾರಕ್ಕೆ ಅಂತ ಫ್ರೀಜರಲ್ಲಿ ಇಡುವ ಆಸೆ ಆಗ್ತದೆ, ಇಡಬೇಡಿ, ಕರಗಿಸಿದ ಮೇಲೆ ಅದು ಮೊದಲಿನ ಹಾಗೆ ಕೊಲ್ಲುದಿಲ್ಲ, ಹೊಸದರ ಜೊತೆ ಹೋಲಿಸಿದ್ರೆ ಲೆಕ್ಕ ತಪ್ತದೆ. ಪ್ಲೇಟು, ಟಿಪ್ಪು, ಉಳಿದ ರಕ್ತ ಎಲ್ಲ ಹೈಪೋಕ್ಲೋರೈಟಲ್ಲಿ ಅರ್ಧ ಗಂಟೆ ನೆನೆಹಾಕಿ ಹೊರಡಿ, ಸಂಜೆ ಟ್ರೈನ್ ಹಿಡೀಲಿಕ್ಕೆ ಉಂಟು ಅಂತ ಸಿಂಕಿಗೆ ಸುರೀಬೇಡಿ.